ಮಾದೇವಿಯನ್ನು ಹುಡುಕಿಕೊಂಡು ಮೊಗಲಾಯಿಗೆ

ನಾನು ಜನ್ಮದಲ್ಲಿ ಒಂದೇ ಸಲ ಪರದೇಶಕ್ಕೆ ಹೋಗಿದ್ದೇನೆ, ಅದೂ ನಡೆದುಕೊಂಡು. ನಮ್ಮೂರು ದುಧನಿ. ಅಲ್ಲಿಂದ ಮೂಡಣ ದಿಕ್ಕಿಗೆ ನಡೆದರೆ ಆ ಕಾಲಕ್ಕೆ ಬೇರೆ ರಾಜ್ಯ, ಬೇರೆ ನಾಣ್ಯ, ಕಚೇರಿಯಲ್ಲಿ ಬೇರೆ ಭಾಷೆ. ನಿಜಾಮನ ಆ ಸೀಮೆಗೆ ನಮ್ಮ ಕಡೆ ಮೊಗಲಾಯಿ ಅನ್ನುತ್ತಿದ್ದರು. ಮೊದಲೆಲ್ಲ ಗಡಿ ನಮಗೆ ಲೆಕ್ಕಕ್ಕೇ ಇರಲಿಲ್ಲ. ಹೆಣ್ಣು ಕೊಡುವುದು, ಹೆಣ್ಣು ತರುವುದು, ಎತ್ತು ಮಾರುವುದು ಎಲ್ಲ ನಡೆದೇ ಇತ್ತು. ನಮ್ಮ ಕಡೆ ಸ್ವಾತಂತ್ರ್ಯದ ಬಾವುಟ ಏರಿತು, ಆ ಕಡೆಯವರು ನಾವು ಬೇರೆ ಅಂದರು. ರಸ್ತೆಗೆ ಅಡ್ಡಲಾಗಿ ಒಂದು ಬಿದಿರು ಬಿತ್ತು.

ಆ ಬಿದಿರಿನ ಆಚೆ ನನ್ನ ಮಗಳು ಕಳೆದುಹೋಗಿದ್ದಳು.

ಮಾದೇವಿಗೆ ಆಗ ನಾಲ್ಕು ವರ್ಷ. ಎಳ್ಳಮಾಸಿಯ ಹಬ್ಬಕ್ಕೆ ಹೊಲದಲ್ಲಿ ಭೂತಾಯಿಗೆ ಚರಗದ ನೈವೇದ್ಯ ಚೆಲ್ಲುವುದನ್ನು ಕೂಸು ನೋಡಲಿ ಎಂದು ನನ್ನ ಅತ್ತೆ ಭೀಮಾಬಾಯಿ ಅವಳನ್ನು ಕಿಣ್ಣಿ ಸುಲ್ತಾನಕ್ಕೆ, ತಮ್ಮ ತವರಿಗೆ ಕರೆದೊಯ್ದರು. ಗಡಿ ಬಿಗಿಯಾಗಿದ್ದರೂ ಹಬ್ಬಕ್ಕೆ ಹೋಗುವ ಹೆಂಗಸರನ್ನು ಆಗಿನ್ನೂ ಯಾರೂ ತಡೆಯುತ್ತಿರಲಿಲ್ಲ. ಹಬ್ಬದ ಮರುದಿನ ಆ ಊರಿನ ಮೇಲೆ ನಿಜಾಮನ ಕಡೆಯ ಬಂದೂಕಿನ ದಂಡು ಬಿತ್ತು. ಜನ ಜೋಳದ ಹೊಲಗಳಲ್ಲಿ ಅಡಗಿದರು. ಮೂರನೆಯ ದಿನ ಅತ್ತೆ ಒಬ್ಬರೇ ಬರಿಗಾಲಲ್ಲಿ ನಮ್ಮ ಮನೆಗೆ ಬಂದರು. ಓಡುವಾಗ ಕೂಸಿನ ಕೈ ತಪ್ಪಿತು ಅಂದರು.

ನನ್ನ ಮನೆಯವರು ನಾಲ್ಕು ಜನರನ್ನು ಕಟ್ಟಿಕೊಂಡು ಎರಡು ಸಲ ಹೋಗಿ ಹುಡುಕಿ ಬಂದರು. ಎರಡನೆಯ ಸಲ ಬಂದವರು ನನ್ನ ಮುಖ ನೋಡಲಿಲ್ಲ. ಆಮೇಲೆ ಮಠದ ಅಯ್ಯನವರೂ ಊರ ಹಿರಿಯರೂ ಸೇರಿ, ಕೂಸು ಶಿವನ ಪಾದ ಸೇರಿದೆ, ಅದರ ಹೆಸರಿನಲ್ಲಿ ಗಣಾರಾಧನೆಯ ಊಟ ಹಾಕಿ ಮುಗಿಸಿಬಿಡಿ, ಒಪ್ಪಿಕೊಳ್ಳುವುದೇ ಭಕ್ತಿ ಎಂದು ಹೇಳಿದರು. ನಾನು ನಾಲ್ಕನೇ ಇಯತ್ತೆ ಓದಿದವಳು, ಅಯ್ಯನವರ ಎದುರು ನಿಂತು ಮಾತಾಡಿದವಳಲ್ಲ. ಗಣಾರಾಧನೆಯ ದಿನವೂ ಮಾತಾಡಲಿಲ್ಲ. ಅಡುಗೆಗೆಂದು ಹೊತ್ತಿಸಿದ್ದ ಎರಡೂ ಒಲೆಗಳಿಗೆ ಕೊಡದ ನೀರು ಸುರಿದೆ. ಹೊಗೆಯೆಲ್ಲ ಪಡಸಾಲೆಗೆ ನುಗ್ಗಿತು. ಬಂದವರು ಕೆಮ್ಮುತ್ತ ಎದ್ದು ಹೋದರು.

ಮಾರನೆಯ ವಾರ ಅತ್ತೆ ನನ್ನ ಹತ್ತಿರ ಬಂದು, ಹೋಗುವುದಾದರೆ ತಾವೂ ಬರುವುದಾಗಿ, ಓಡಿಬಂದ ದಾರಿ ತಮಗೆ ಮಾತ್ರ ಗೊತ್ತಿರುವುದಾಗಿ ಹೇಳಿದರು. ಅವರಿಗೆ ಅರವತ್ತರ ಮೇಲಾಗಿತ್ತು.

ನಾಕಾ

ಚೈತ್ರದ ಬಿಸಿಲು. ಮನೆಯವರು ಹೊಲಕ್ಕೆ ಹೋದದ್ದನ್ನು ನೋಡಿಕೊಂಡು ನಾವಿಬ್ಬರು ಹೊರಟೆವು. ಬುತ್ತಿಗೆ ಎಂಟು ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾದ ಹಿಂಡಿ. ನನ್ನ ಗಂಟಿನಲ್ಲಿ ಮಾದೇವಿಯ ಒಂದು ಪರಕಾರ, ಅವಳ ಪುಟ್ಟ ಲಂಗ.

ಗಡಿಯ ಈಚೆ ನಮ್ಮ ಪೊಲೀಸರು ನಾವು ಆ ಕಡೆಗೆ ಉಪ್ಪು ಒಯ್ಯುತ್ತೇವೇನೋ ಎಂದು ಹುಡುಕಿದರು. ಆಚೆ ಅವರ ತಪಾಸಣೆಯ ನಾಕಾದಲ್ಲಿ ಜವಾನ ನಾವು ಕಾಗದ ಪತ್ರ ಒಯ್ಯುತ್ತೇವೇನೋ ಎಂದು ಹುಡುಕಿದ. ಮದರಂಗಿ ಹಚ್ಚಿದ ಗಡ್ಡದ ಮುದುಕ. ಅವನು ಗಂಟು ಬಿಚ್ಚಿಸುವಾಗ ನಾಕಾದ ಒಂದು ಆಡು ಬಂದು ನಮ್ಮ ರೊಟ್ಟಿಯ ಗಂಟಿಗೇ ಬಾಯಿ ಹಾಕಿತು. ನಾವು ನೋಡುವಷ್ಟರಲ್ಲಿ ಐದು ರೊಟ್ಟಿ ಹೋಗಿದ್ದವು. ಅವನು ಅದಕ್ಕೆ ಉರ್ದುವಿನಲ್ಲಿ ಬೈದ. ನಮ್ಮೂರಿನಲ್ಲಿ ಆಡುಗಳಿಗೆ ಮರಾಠಿಯಲ್ಲಿ ಬೈಯುತ್ತಾರೆ. ಎರಡಕ್ಕೂ ಅವು ಕಿವಿಗೊಡುವುದಿಲ್ಲ. ನಾಚಿಕೆಯಾಗಿ ಅವನು ತನ್ನ ಡಬ್ಬಿಯಿಂದ ಎರಡು ಹಿಡಿ ಪುಟಾಣಿ ತಂದು ಕೊಟ್ಟ. ಅತ್ತೆ ಪರಜಾತಿಯವರ ಕೈಯಿಂದ ನೀರು ಸಹ ಮುಟ್ಟದವರು, ಒಣ ತಿನಿಸಿಗೆ ಮೈಲಿಗೆ ಇಲ್ಲ ಎಂದು ಸೆರಗಿಗೆ ಹಾಕಿಕೊಂಡರು.

ಆಮೇಲೆ ಅವನ ಕೈಗೆ ಪರಕಾರ ಸಿಕ್ಕಿತು. ಯಾರದು ಎಂದು ಕೇಳಿದ. ನಾವು ತವರಿಗೆ ಹೊರಟವರೆಂದು ಹೇಳಬೇಕೆಂದು ಅತ್ತೆ ದಾರಿಯುದ್ದಕ್ಕೂ ನನಗೆ ಕಲಿಸಿದ್ದರು. ನಾನು ನಿಜವನ್ನೇ ಹೇಳಿದೆ. ಅವನು ಅದನ್ನು ನನಗಿಂತ ಚೆನ್ನಾಗಿ ಮಡಚಿ ಗಂಟಿನಲ್ಲಿಟ್ಟು, ಬಿದಿರು ಎತ್ತಿದ.

ಕಿಣ್ಣಿ ಸುಲ್ತಾನ

ಅತ್ತೆಯ ತಮ್ಮನ ಮನೆಗೆ ಬೀಗ ಹಾಕಿತ್ತು. ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳು ಹಾಗೇ ಇದ್ದವು. ಜೋಳ ಕೊಯ್ದ ಹೊಲಗಳು ಬಯಲಾಗಿ ಬಿದ್ದಿದ್ದವು. ಎಲ್ಲಿ ಅಡಗಿದ್ದಿರಿ, ಕೈ ಎಲ್ಲಿ ತಪ್ಪಿತು, ತೋರಿಸಿರಿ ಎಂದೆ. ಅತ್ತೆ ಹೊಲದ ಕಡೆ ಹೋಗಲಿಲ್ಲ. ಒಂದು ಹಾಳು ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿದರು. ಇಳಿಯಲು ಮೆಟ್ಟಿಲಿದ್ದ ಬಾವಿ, ತಳದಲ್ಲಿ ಪಾಚಿಗಟ್ಟಿದ ಸ್ವಲ್ಪ ನೀರು.

ಇಲ್ಲಿ ಯಾಕೆ ಬಂದಿರಿ ಎಂದು ಕೇಳಿದೆ. ಅವರು ಮೂರನೆಯ ಮೆಟ್ಟಿಲ ಮೇಲೆ ಕೂತು ಹೇಳಿದರು. ಆ ದಿನ ಹೊಲದಲ್ಲಿ ಹನ್ನೊಂದು ಜನ ಅಡಗಿದ್ದರು, ಅವರಲ್ಲಿ ಇಬ್ಬರು ಬಾಣಂತಿಯರು. ಮಾದೇವಿಗೆ ನಾಯಿಕೆಮ್ಮು ಹತ್ತಿತ್ತು, ಎಷ್ಟು ಒತ್ತಿ ಹಿಡಿದರೂ ಕೆಮ್ಮು ನಿಲ್ಲಲಿಲ್ಲ. ಕುದುರೆಗಳ ಸದ್ದು ಹತ್ತಿರ ಬಂದಾಗ ಜನ, ಕೂಸಿನ ಬಾಯಿ ಮುಚ್ಚು, ಇಲ್ಲವೇ ಅದನ್ನು ಇಲ್ಲಿಂದ ಒಯ್ಯಿ ಅಂದರು. ಅತ್ತೆ ಅವಳನ್ನು ಈ ಮೆಟ್ಟಿಲ ಮೇಲೆ ಕೂಡಿಸಿ, ತಮ್ಮ ಕೌದಿ ಹೊದಿಸಿ, ಕೆಮ್ಮಬೇಡ, ಈಗ ಬಂದೆ ಎಂದು ಹೇಳಿ ಹೊಲಕ್ಕೆ ಓಡಿದರು. ಹೊತ್ತು ಮುಳುಗುವಾಗ ಬಂದು ನೋಡಿದರೆ ಕೂಸೂ ಇಲ್ಲ, ಕೌದಿಯೂ ಇಲ್ಲ.

"ಕೈ ತಪ್ಪಲಿಲ್ಲ ಗಂಗವ್ವ," ಅಂದರು. "ನಾನ ಬಿಟ್ಟೆ."

ನಾನು ಬೈಯಲಿಲ್ಲ, ಅಳಲಿಲ್ಲ. ಈ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಅವರು ನನ್ನ ಕೈಯ ರೊಟ್ಟಿ ಮೂರು ತಿಂಗಳು ಹೇಗೆ ಉಂಡರು ಎಂಬುದೊಂದೇ ನನಗೆ ತಿಳಿಯಲಿಲ್ಲ. ಎದ್ದು ನಡೆದೆ.

ಆದರೆ ನಡೆಯುತ್ತ ಒಂದು ಮಾತು ಹೊಳೆಯಿತು. ಕೌದಿ ಇಲ್ಲ ಅಂದರೆ ಯಾರೋ ಕೂಸನ್ನು ಹೊದಿಸಿಕೊಂಡೇ ಒಯ್ದಿದ್ದಾರೆ. ಬಾವಿಯ ಆಚೆ, ಊರ ಹೊರಗಿನ ಕೇರಿ ಕಾಣುತ್ತಿತ್ತು. ನಮ್ಮ ಮನೆಯವರು ಎರಡು ಸಲ ಬಂದಾಗ ಅಲ್ಲಿ ಕೇಳಿದ್ದರೇ ಎಂದೆ. ಆ ಕೇರಿಗೆ ನಾವು ಹೋಗುವುದು ಹೇಗೆ ಎಂದರು ಅತ್ತೆ. ಅವರು ಅಲ್ಲೇ ನಿಂತರು, ನಾನು ಒಳಗೆ ಹೋದೆ.

ಹಗ್ಗ ಹೊಸೆಯುತ್ತ ಕೂತಿದ್ದ ಒಬ್ಬ ಮುದುಕ ಎದ್ದು ನಿಂತ. ನಾನು ಕೂಡ್ರಿ ಅಂದದ್ದಕ್ಕೆ ಗಾಬರಿಯಾದ. ತೊಗರಿ ಕೊಯ್ಯಲು ಜೇವರ್ಗಿಯ ಕಡೆಯಿಂದ ಬಂದ ಆಳುಗಳಲ್ಲಿ ಮರಗಮ್ಮ ಎಂಬ ಹೆಂಗಸು ಆ ಸಂಜೆ ಕೆಮ್ಮುವ ಒಂದು ಕೂಸನ್ನು ಕೌದಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಆಳಂದದ ದಾರಿ ಹಿಡಿದಳು ಎಂದು ಹೇಳಿದ. ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರು ಕೇಳಿದ್ರಿ?" ಅಂದ ಮುದುಕ. "ನಿಮ್ಮವರು ಮ್ಯಾಲಿನ ಓಣಿ ಎಲ್ಲಾ ಸುತ್ತಿದ್ರು. ನಮ್ಮ ಕಡಿ ಹೊಳ್ಳಿ ಸುದ್ದಾ ನೋಡಲಿಲ್ಲ."

ಆಳಂದ

ಆಳಂದಕ್ಕೆ ಹೋಗುವ ದಾರಿಯಲ್ಲಿ ನಾನು ಮುಂದೆ, ಅತ್ತೆ ಹಿಂದೆ. ದಾರಿಯಲ್ಲಿ ಸಿಕ್ಕ ಹನುಮಪ್ಪನ ಗುಡಿ, ಲಕ್ಕವ್ವನ ಗುಡಿ, ಕಟ್ಟೆಯ ಮೇಲಿನ ಹಸಿರು ಬಟ್ಟೆಯ ಗೋರಿ, ಎಲ್ಲದಕ್ಕೂ ಅವರು ನಿಂತು ಕೈಮುಗಿದು ಹರಕೆ ಹೊರುತ್ತಿದ್ದರು. ನಾನು ದಿನಾ ಮುಂಜಾನೆ ಲಿಂಗಪೂಜೆ ಮಾಡುತ್ತಿದ್ದೆ. ಆದರೆ ಏನನ್ನೂ ಬೇಡಲಿಲ್ಲ. ನಾಲ್ಕು ವರ್ಷದ ಕೂಸು ಬಾವಿಯ ಮೆಟ್ಟಿಲ ಮೇಲೆ ಕೂತದ್ದು ಶಿವನಿಗೆ ಕಂಡಿರಲಿಲ್ಲವೇ? ಕಂಡಿದ್ದರೆ ನಾನು ಹೇಳುವುದು ಏನು ಉಳಿಯಿತು?

ಆಳಂದದ ದರ್ಗಾದ ಎದುರು ಬಳೆ ಮಾರುವ ಮಸ್ತಾನಬೀ ಎಂಬವಳು ಕೂತಿದ್ದಳು. ಬಳೆಗಾರ್ತಿಯರಿಗೆ ಎಲ್ಲ ಮನೆಗಳ ಒಳಕೋಣೆಯೂ ಗೊತ್ತು, ನಮ್ಮೂರಲ್ಲೂ ಹಾಗೇ. ಆದರೆ ದಂಡು ಬಿದ್ದಾಗಿನಿಂದ ಆ ಜಾತಿಯವರನ್ನು ಕಂಡರೆ ನನ್ನ ಎದೆ ಕಲ್ಲಾಗುತ್ತಿತ್ತು. ದೂರವೇ ನಿಂತು ಕೇಳಿದೆ. ಅವಳು ಮೊದಲು ಒಂದು ತಂಬಿಗೆ ನೀರು ಮುಂದಿಟ್ಟಳು. ನಾನು ತೆಗೆದುಕೊಳ್ಳದೆ ನಿಂತದ್ದನ್ನು ನೋಡಿ ಅವಳಿಗೆ ಅರ್ಥವಾಯಿತು.

"ನಮ್ಮ ಹೆಸರು ಹೇಳ್ಕೊಂಡು ಬಂದವ್ರು ಮಾಡಿದ್ದಕ್ಕ ನಾ ಮಾಫಿ ಕೇಳಂಗಿಲ್ಲ, ಅಕ್ಕಾ. ನಾ ಮಾಡಿಲ್ಲ. ಬಿಸಿಲು ಭಾಳ ಅದ, ಪಾನಿ ಕುಡಿ, ಆಮ್ಯಾಲ ಸಿಟ್ಟಾಗು."

ಅಷ್ಟು ಸೆಟೆದು ಮಾತಾಡುವವಳ ಎದುರು ಸೆಟೆದು ನಿಲ್ಲುವುದು ಕಷ್ಟ. ಕುಡಿದೆ. ಅತ್ತೆ ಮುಖ ತಿರುಗಿಸಿ ನಿಂತರು, ಅವರ ತುಟಿ ಒಡೆದು ರಕ್ತ ಬಂದಿತ್ತು.

ಮಸ್ತಾನಬೀಗೆ ಕೂಸು ನೆನಪಿತ್ತು. ಮರಗಮ್ಮ ಕೆಮ್ಮಿಗೆ ಊದಿನ ಹೊಗೆ ಹಾಕಿಸಲು ಅವಳನ್ನು ದರ್ಗಾಕ್ಕೆ ತಂದು ನಾಲ್ಕು ದಿನ ಅಲ್ಲಿಯೇ ಮೆಟ್ಟಿಲ ಹತ್ತಿರ ಇದ್ದಳಂತೆ. ಕೂಸಿನ ಕೈಗೆ ಯಾವ ಬಳೆಯೂ ದೊಡ್ಡದಾಗುತ್ತಿತ್ತಂತೆ, ಕಡೆಗೆ ತನ್ನ ಮೊಮ್ಮಗಳ ಎರಡು ಬಳೆ ತೆಗೆದು ಏರಿಸಿದಳಂತೆ. ಮುಂದೆ ಎಲ್ಲಿಗೆ ಹೋದರು ಎಂದರೆ, ತನ್ನೂರು ಜೇವರ್ಗಿಗೆ ಎಂದು ಮರಗಮ್ಮ ಹೇಳಿದ್ದು ನೆನಪಿದೆ ಅಂದಳು.

ಮೂರು ತಿಂಗಳ ಮೇಲೆ ಅದೇ ಮೊದಲ ಸಲ ನನ್ನ ಮಗಳು ಬದುಕಿರುವುದನ್ನು ಅವಳ ಕೈ ಮುಟ್ಟಿದವರ ಬಾಯಿಂದ ಕೇಳಿದೆ. ದರ್ಗಾದ ಮೆಟ್ಟಿಲ ಮೇಲೆ ಕೂತು ಅತ್ತೆ ಅಳುತ್ತಿದ್ದರು. ನನಗೆ ಅಳಲು ಪುರಸೊತ್ತು ಇರಲಿಲ್ಲ.

ಅಫಜಲಪುರ

ಒಬ್ಬ ಎಣ್ಣೆ ವ್ಯಾಪಾರಿಯ ಗಾಡಿ ಹತ್ತಿ ಅಫಜಲಪುರ ಸೇರಿದೆವು. ಜೇವರ್ಗಿ ಭೀಮಾ ನದಿಯ ಆಚೆ. ಆ ದಿನಗಳಲ್ಲಿ ಅದನ್ನು ದಾಟಲು ಹೊರಗಿನವರಿಗೆ ಪರವಾನಗಿ ಬೇಕೆಂದರು. ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಒಂದು ಹಗಲು ಕೂತೆವು. ಕಾಯಿಸುವುದರಲ್ಲಿ ಅವರ ಕಚೇರಿಗೂ ನಮ್ಮ ಕಚೇರಿಗೂ ಏನೂ ಭೇದವಿಲ್ಲ. ನಮ್ಮಲ್ಲಿ ಮರಾಠಿಯ ಮೋಡಿ ಅಕ್ಷರದಲ್ಲಿ ಬರೆಯುತ್ತಾರೆ, ಇಲ್ಲಿ ಉರ್ದುವಿನಲ್ಲಿ. ನಾನು ಎರಡನ್ನೂ ಓದಲಾರೆ.

ಗುಮಾಸ್ತ ಚಿಕ್ಕ ವಯಸ್ಸಿನವನು, ನೆಗಡಿಯಾಗಿತ್ತು. ಬಲದಿಂದ ಎಡಕ್ಕೆ ಅರ್ಜಿ ಬರೆದು, ಏನು ಬರೆದೆ ಎಂದು ಕನ್ನಡದಲ್ಲಿ ಹೇಳುತ್ತ ಹೋದ. ಮಧ್ಯದಲ್ಲಿ 'ಫೌತ್' ಎಂಬ ಶಬ್ದ ಬಂತು. ಅದು ನನಗೆ ಗೊತ್ತಿತ್ತು. ನಮ್ಮ ಕಡೆಯೂ ಸತ್ತವರ ಹೊಲ ಮಕ್ಕಳ ಹೆಸರಿಗೆ ಮಾಡುವಾಗ ಪೌತಿ ಅನ್ನುತ್ತಾರೆ. ಸತ್ತ ಕೂಸಿನ ಕ್ರಿಯೆಗೆ ಹೊರಟವರು ಎಂದು ಬರೆದರೆ ಪರವಾನಗಿ ಬೇಗ ಸಿಗುತ್ತದೆ, ತಮ್ಮ ಒಳ್ಳೆಯದಕ್ಕೇ ಬರೆದೆ ಎಂದ. ಅತ್ತೆ ನನ್ನ ಸೆರಗು ಎಳೆದರು, ಒಪ್ಪಿಕೊ ಎಂದು.

"ಆ ಶಬ್ದ ತಗೀರಿ," ಅಂದೆ. "ಇಲ್ಲಾಂದ್ರ ನಾ ಸಹಿ ಮಾಡಂಗಿಲ್ಲ."

ಇನ್ನೊಂದು ದಿನ ಆಗುತ್ತದೆ ಎಂದ. ಆಗಲಿ ಅಂದೆ. ಆಯಿತು ಕೂಡ, ಒಂದಲ್ಲ, ಎರಡು ದಿನ. ಮೂರನೆಯ ದಿನ ಹೊಸ ಕಾಗದದಲ್ಲಿ ಕಳೆದುಹೋದ ಕೂಸು ಎಂದು ಬರೆದುಕೊಟ್ಟ. ಹೆಬ್ಬೆಟ್ಟಿಗೆ ಮಸಿ ಮುಂದೆ ತಂದ. ನಾನು ಲೆಕ್ಕಣಿಕೆ ಇಸಿದುಕೊಂಡು ಅವನ ಸಾಲು ಮುಗಿದ ಎಡಗಡೆಯಿಂದ ನನ್ನ ಹೆಸರು ಕನ್ನಡದಲ್ಲಿ ಬರೆಯಲು ಶುರುಮಾಡಿದೆ. ನನ್ನ ಅಕ್ಷರಗಳು ಹೋಗಿ ಅವನ ಅಕ್ಷರದ ಮೇಲೇ ಹತ್ತಿದವು. ಇಬ್ಬರೂ ನಕ್ಕೆವು. ಮನೆ ಬಿಟ್ಟ ಮೇಲೆ ನಕ್ಕದ್ದು ಅದೊಂದೇ ಸಲ.

ಸೊನ್ನ

ಸೊನ್ನದ ಹತ್ತಿರ ಭೀಮೆ ಆ ಕಾಲಕ್ಕೆ ತೊಡೆಮಟ್ಟ ಇತ್ತು. ಅಂಬಿಗರು ನಾವು ಕಾಲ್ನಡಿಗೆಯಲ್ಲೇ ದಾಟಬಹುದೆಂದು ಹೇಳಿ, ದಾರಿ ತೋರಿಸಲು ಕೋಲು ನೆಟ್ಟಿದ್ದರು. ಮಧ್ಯದಲ್ಲಿ ಮಾತ್ರ ಮರಳು ತೆಗೆದ ಗುಂಡಿಗಳು. ಅತ್ತೆ ಮೂರು ದಿನದಿಂದ ಪುಟಾಣಿ, ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ನಡುನೀರಿನಲ್ಲಿ ಕಾಲು ಜಾರಿ ಗುಂಡಿಗೆ ಇಳಿದರು. ನನ್ನ ಕೈಗೆ ಸಿಕ್ಕದ್ದು ಅವರ ಮುಂಗೈ ಮಾತ್ರ. ಸೆಳವು ಎಳೆಯುತ್ತಿತ್ತು.

ಅವರು ಒದ್ದಾಡಲಿಲ್ಲ. ನನ್ನನ್ನೇ ನೋಡುತ್ತ, "ಕೈ ಬಿಡು ಗಂಗವ್ವ. ನಿನ್ನ ಮಗಳಿಗಿ ನಾ ಏನ್ ಮಾಡೀನಿ ಗೊತ್ತದಲ್ಲ, ಬಿಡು," ಅಂದರು.

ಒಂದು ಗಳಿಗೆ ನನಗೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಅಂಬಿಗರು ಆಗಲೇ ಹೊರಟುಹೋಗಿದ್ದರು, ನೋಡುವವರು ಯಾರೂ ಇರಲಿಲ್ಲ, ಕೈ ತಪ್ಪಿತು ಎಂದು ಹೇಳಿದರೆ ಊರೂ ನಂಬುತ್ತಿತ್ತು.

"ಬಿಡಂಗಿಲ್ಲರಿ," ಅಂದೆ. "ಬಿಡೂದು ನಿಮಗ ಬರ್ತದ. ನನಗ ಬರಂಗಿಲ್ಲ."

ಎಳೆದು ದಂಡೆಗೆ ಹಾಕಿದೆ. ಪರವಾನಗಿಯ ಕಾಗದ ನೆನೆದು ಹಿಟ್ಟಾಗಿತ್ತು. ಮುಂದೆ ಅದನ್ನು ಯಾರೂ ಕೇಳಲೂ ಇಲ್ಲ.

ಜೇವರ್ಗಿ

ಜೇವರ್ಗಿಯಲ್ಲಿ ಹತ್ತಿಯ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಈ ಸಲ ನಾನು ಯಾವ ಓಣಿಯನ್ನೂ ಸುತ್ತದೆ ನೇರವಾಗಿ ಊರ ಹೊರಗಿನ ಕೇರಿಗೆ ನಡೆದೆ. ಅತ್ತೆ ಈ ಸಲ ಹೊರಗೆ ನಿಲ್ಲಲಿಲ್ಲ.

ಗುಡಿಸಲಿನ ಎದುರು ಒಬ್ಬ ಎತ್ತರದ ಹೆಂಗಸು ಎಲೆಗಳ ಕವಳಿಗಿ ಕಟ್ಟುತ್ತಿದ್ದಳು. ಅವಳ ಪಕ್ಕ ನಮ್ಮ ಮನೆಯ ಕೌದಿ ಹಾಸಿಕೊಂಡು ಮಾದೇವಿ ಕೂತಿದ್ದಳು. ಕೂದಲು ಎಣ್ಣೆ ಹಚ್ಚಿ ಬಾಚಿತ್ತು. ಸ್ವಲ್ಪ ದಪ್ಪಗಾಗಿದ್ದಳು ಕೂಡ. ನಾನು ಹೆಸರು ಹಿಡಿದು ಕರೆದೆ. ಅವಳು ನನ್ನನ್ನು ನೋಡಿದಳು, ನನ್ನ ಹಿಂದಿದ್ದ ಅಜ್ಜಿಯನ್ನು ನೋಡಿದಳು. ನನ್ನ ಕಡೆ ಓಡಿ ಬರಲಿಲ್ಲ. ಮರಗಮ್ಮನ ಬೆನ್ನಿಗೆ ಅವಿತು, ಅಲ್ಲಿಂದಲೇ ಅಜ್ಜಿಗೆ ಹೇಳಿದಳು:

"ಆಯಿ, ನಾ ಕೆಮ್ಮೂದು ಬಿಟ್ಟೀನಿ."

ಅತ್ತೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ಮರಗಮ್ಮ ಕೈಮುಗಿಯಲಿಲ್ಲ, ಹೆದರಲಿಲ್ಲ. ಗಂಡ ಸತ್ತವಳು, ಮಕ್ಕಳಿಲ್ಲದವಳು ಎಂದು ಆಮೇಲೆ ತಿಳಿಯಿತು. ನಮ್ಮೂರಾಗ ರೈಲು ಬರ್ತದ ಎಂಬುದೊಂದೇ ಕೂಸಿಗೆ ಹೇಳಲು ಬಂದ ಗುರುತಂತೆ. ಅದನ್ನು ನಂಬಿ ಕಲಬುರ್ಗಿಯ ಸ್ಟೇಶನ್ನಿನಲ್ಲಿ ಐದು ದಿನ ಇವಳನ್ನು ಹೆಗಲ ಮೇಲೆ ಕೂಡಿಸಿಕೊಂಡು, ಬಂದು ಹೋಗುವ ರೈಲಿನ ಜನರೆಲ್ಲರಿಗೂ ತೋರಿಸಿದ್ದಳಂತೆ. ಯಾರೂ ಗುರುತು ಹಿಡಿಯಲಿಲ್ಲ. ಗಡಿಯ ಆಚೆಯ ಊರು ಅವಳಿಗೆ ಹೊಳೆಯಲಿಲ್ಲ. ಇದನ್ನೆಲ್ಲ ಹೇಳಿ ಕಡೆಗೆ ಅಂದಳು:

"ಕೂಸು ನಿಮ್ಮದ ಅದರಿ, ಅಕೀ ಮಾರಿ ನಿಮ್ಮದ. ಆದ್ರ ಬಾವ್ಯಾಗ ಕುಂದ್ರಿಸಿ ಹೋದವರ ಕೈಯಾಗ ನಾ ಎತ್ತಿ ಕೊಡಂಗಿಲ್ಲ. ಇಲ್ಲೇ ಇರ್ರಿ. ಅಕೀ ತಾನಾಗಿ ನಿಮ್ಮ ಬಲ್ಯಾಕ ಬಂದ ದಿನ ಕರ್ಕೊಂಡು ಹೋಗ್ರಿ."

ಮೊದಲು ನನಗೆ ಮೈಯೆಲ್ಲ ಉರಿಯಿತು. ಹೆತ್ತವಳು ನಾನು, ತಡೆಯಲು ಇವಳು ಯಾರು? ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಕೊಡುತ್ತಿರಲಿಲ್ಲ. ಇದ್ದೆವು. ಅವಳ ಗುಡಿಸಲಿನಲ್ಲಿ ಮಲಗಿದೆವು, ಅವಳು ಬಡಿದ ರೊಟ್ಟಿ ತಿಂದೆವು. ಮೊದಲ ದಿನ ಅತ್ತೆ ತಿನ್ನಲಿಲ್ಲ. ಎರಡನೆಯ ದಿನ ಮಾದೇವಿ ತನ್ನ ತಾಟಿನ ಅರ್ಧ ರೊಟ್ಟಿ ಒಯ್ದು ಅಜ್ಜಿಯ ಉಡಿಯಲ್ಲಿಟ್ಟು, ಉಣ್ಣು ಎಂದಳು. ಉಂಡರು.

ಆರನೆಯ ದಿನ ಮಧ್ಯಾಹ್ನ ನಾನು ಜೋಳ ಬೀಸುತ್ತಿದ್ದೆ. ಮಾದೇವಿ ಬಂದು, ಮನೆಯಲ್ಲಿ ಮಾಡುತ್ತಿದ್ದ ಹಾಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಬೀಸುವುದು ನಿಲ್ಲಿಸಿದರೆ ಎದ್ದು ಹೋದಾಳೆಂದು ನಾನು ಬೀಸುತ್ತಲೇ ಇದ್ದೆ. ಜೋಳ ಮುಗಿದು ಬರಿ ಕಲ್ಲು ತಿರುಗಿತು. ಮರಗಮ್ಮ ಬಾಗಿಲಲ್ಲಿ ನಿಂತು ನೋಡಿ, ಮುಖ ಆಚೆ ಮಾಡಿ, ಕವಳಿಗಿ ಕಟ್ಟಲು ಹೋದಳು.

ಅವಳನ್ನು ಬಿಟ್ಟು ಮಾದೇವಿ ಹೊರಡಲು ಒಪ್ಪಲಿಲ್ಲ. ನನಗೂ ಹಾಗೆ ಹೊರಡುವುದು ಬೇಡವಾಗಿತ್ತು. ನೀನೂ ಬಾ ಎಂದು ಮರಗಮ್ಮನಿಗೆ ಹೇಳಿದೆ. ನಾಲ್ವರೂ ಹೊರಟೆವು.

ಮನೆ

ಊರಿಗೆ ಬಂದ ದಿನ ನನ್ನ ಮನೆಯವರು ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು, ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಮರುದಿನ ಅಯ್ಯನವರೂ ಹಿರಿಯರೂ ಬಂದರು. ಕೂಸು ಸಿಕ್ಕದ್ದು ಶಿವನ ಕೃಪೆ ಎಂದರು. ಆಮೇಲೆ ವಿಷಯಕ್ಕೆ ಬಂದರು. ಇಷ್ಟು ದಿನ ಆ ಕೇರಿಯ ಅನ್ನ ಉಂಡ ಕೂಸು, ಅದಕ್ಕೆ ಶುದ್ಧಿ ಆಗಬೇಕು, ಹೊಸದಾಗಿ ಲಿಂಗ ಕಟ್ಟಬೇಕು. ಆ ಹೆಂಗಸು ಪಡಸಾಲೆಯಲ್ಲಿ ಕೂತಿದ್ದಾಳೆ, ಮೊದಲು ಅವಳನ್ನು ಹೊರಗೆ ಕಳಿಸಬೇಕು. ಮರಗಮ್ಮ ಏಳಲು ಹೋದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದೆ. ನನ್ನ ಮಗಳ ಮೈಮೇಲೆ ತೊಳೆಯುವಂಥದ್ದು ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ.

ನನಗಿಂತ ಮೊದಲು ಅತ್ತೆ ಎದ್ದರು. ಆ ಮನೆಯಲ್ಲಿ ಮಡಿ ಅಂದರೆ ಅವರು. ಗಂಡಸರ ಎದುರು ತಲೆಯ ಸೆರಗು ಜಾರಿಸಿದವರಲ್ಲ. ಕಂಬ ಹಿಡಿದು ನಿಂತು, ಅಯ್ಯನವರನ್ನೇ ನೋಡಿ ಮಾತಾಡಿದರು.

"ಕೂಸಿನ ಕೈ ತಪ್ಪಿತು ಅಂತ ಹೇಳಿದ್ದೆ, ಸುಳ್ಳರಿ. ಜೀವದ ಆಸಿಗೆ ನಾನ ಬಾವ್ಯಾಗ ಬಿಟ್ಟು ಬಂದೆ. ಎತ್ತಿಕೊಂಡಾಕಿ ಇಕಿ. ಶುದ್ಧಿ ಮಾಡೂದಿದ್ರ ನನಗ ಮಾಡ್ರಿ. ಕೂಸಿನ್ನ ಮುಟ್ಟಬ್ಯಾಡ್ರಿ."

ಅಯ್ಯನವರು ಎದ್ದು, ಜೋಳಿಗೆ ಹೆಗಲಿಗೇರಿಸಿ ಹೋದರು. ಹಿರಿಯರು ಹಿಂದೆಯೇ ಹೋದರು. ಹೋಗುವಾಗ ಒಬ್ಬರು, ಇನ್ನು ಈ ಮನೆಗೂ ಊರಿಗೂ ಹೋಗಿಬರುವ ಬಳಕೆ ಇಲ್ಲ ಎಂದು ಹೇಳಿದರು. ಇಲ್ಲದಿದ್ದರೆ ಇಲ್ಲ ಎಂದು ನನ್ನ ಮನೆಯವರು ಅಂದರು. ಅವರ ಬಾಯಿಂದ ಅಂಥ ಮಾತು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅತ್ತೆಯನ್ನು ಕ್ಷಮಿಸಿದೆಯಾ ಎಂದು ನನ್ನನ್ನು ಕೇಳಿದವರುಂಟು. ಅವರು ನನ್ನ ಹತ್ತಿರ ಕ್ಷಮೆ ಬೇಡಲೂ ಇಲ್ಲ, ನಾನು ಕೊಡಲೂ ಇಲ್ಲ. ಒಂದೇ ಒಲೆಯ ಎದುರು ಕೂತು ಇನ್ನೂ ಹದಿಮೂರು ವರ್ಷ ರೊಟ್ಟಿ ಬಡಿದೆವು. ಒಬ್ಬರು ಬಡಿದರೆ ಇನ್ನೊಬ್ಬರು ಬೇಯಿಸುತ್ತಿದ್ದೆವು. ಅದಕ್ಕೆ ಏನು ಹೆಸರು ಎಂದು ತಿಳಿದವರು ಇಟ್ಟುಕೊಳ್ಳಲಿ.

ಮಳೆಗಾಲ ಮುಗಿಯುವುದರೊಳಗೆ ನಿಜಾಮನ ರಾಜ್ಯ ಬಿದ್ದು ಗಡಿಯೇ ಹೋಯಿತು. ನಾನು ಹೋಗಿಬಂದ ಪರದೇಶ ಈಗ ಯಾವ ನಕಾಶೆಯಲ್ಲೂ ಇಲ್ಲ. ಬಳಕೆ ಕಡಿದದ್ದು ಮಾತ್ರ ಮುಂದಿನ ಬೇಸಿಗೆಯವರೆಗೂ ನಡೆಯಿತು. ಆ ವರ್ಷವೆಲ್ಲ ಊರಿನವರು ಯಾರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮಾದೇವಿ ಹೊಂದಿಕೊಂಡ ಮೇಲೆ ತನ್ನೂರಿಗೆ ಮರಳಿದ್ದ ಮರಗಮ್ಮ ಎರಡು ಸಲ ಬಂದಳು, ಎರಡೂ ಸಲ ತಲಬಾಗಿಲಿನಿಂದಲೇ ಒಳಗೆ ಬಂದಳು.